ಗೆಜ್ಜೆಯೂ ಸ್ಲೇಟೂ

ಬಾನುಲಿಯಲ್ಲಿ ಯಕ್ಷಗಾನವಾಗುವಾಗ ಭಾಗವತರ ಕಂಠವೂ ಚಂಡೆಯ ಪೆಟ್ಟೂ ತಮ್ಮ ನಡುಮನೆಯವರೆಗೆ ಬರುತ್ತವೆ. ಹೆಜ್ಜೆ ಮಾತ್ರ ಬಾರದು. ಅದನ್ನು ಕಣ್ಣಾರೆ ಕಾಣಬೇಕು. ಕಲಿಯುವುದಾದರೆ ಬಲ್ಲವನೊಬ್ಬನ ಎದುರಿಗೆ ನಿಂತೇ ಕಲಿಯಬೇಕು. ಆ ಬಲ್ಲವನು ಶಾಲೆಗೆ ಹೋಗುವ ಮಕ್ಕಳಿಗೆ ದೊರೆತದ್ದು ಯಾವಾಗ, ಹೇಗೆ ಎಂಬುದು ನಮ್ಮ ಉಡುಪಿ ಸೀಮೆಯ ಚರಿತ್ರೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿ. ಓದುಗರೊಡನೆ ಅದನ್ನು ಹಂಚಿಕೊಳ್ಳಬೇಕೆಂದಿದ್ದೇನೆ.

ಹಿಂದೆ ಹುಡುಗನೊಬ್ಬನು ವೇಷಧಾರಿಯಾಗಬೇಕಾದರೆ ಮೇಳಕ್ಕೆ ಸೇರಬೇಕಾಗಿತ್ತು. ಬಡಗುತಿಟ್ಟಿನ ಆಟದಲ್ಲಿ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಅನಂತರ ಪೀಠಿಕಾ ಸ್ತ್ರೀವೇಷ ಎಂದು ಮೆಟ್ಟಿಲುಗಳಿದ್ದವು. ನೋಡುವವರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗಲೇ ಕೋಡಂಗಿ ಕುಣಿದು ಮುಗಿಸಿದ ಹುಡುಗನು, ಉಳಿದ ಇರುಳೆಲ್ಲ ಚೌಕಿಯಲ್ಲಿ ಹಿರಿಯರ ಸೇವೆ ಮಾಡುತ್ತ, ರಂಗದ ಮಗ್ಗುಲಲ್ಲಿ ನಿಂತು ನೋಡುತ್ತ ಕಲಿಯುವನು. ಒಳ್ಳೆಯ ವಿದ್ಯಾಭ್ಯಾಸವೇ ಅದು, ಅಲ್ಲವೆನ್ನಲಾರೆ. ಆದರೆ ಮೇಳವು ದೀಪಾವಳಿಯ ಆಚೀಚೆ ಹೊರಟರೆ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಊರೂರು ತಿರುಗುತ್ತದೆ. ಶಾಲೆಯ ಬಾಗಿಲು ತೆರೆಯುವುದೋ ಜೂನ್‌ನಲ್ಲಿ; ಪರೀಕ್ಷೆ ಬೇಸಗೆಯಲ್ಲಿ. ಎರಡನ್ನೂ ಒಬ್ಬನೇ ಹುಡುಗನು ನಡೆಸುವುದು ಆಗದ ಮಾತಾಗಿತ್ತು.

ನನ್ನೊಡನೆ ಐದನೆಯ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವನೊಬ್ಬ ಹೀಗೆ ಮೇಳಕ್ಕೆ ಹೋದನು. ಮಳೆಗಾಲದಲ್ಲಿ ಮನೆಗೆ ಬಂದಾಗ ನಮ್ಮ ಜಗಲಿಯಲ್ಲಿ ಕುಣಿದು ತೋರಿಸುವನು. ನಾವೆಲ್ಲ ಬಾಯಿಬಿಟ್ಟು ನೋಡುವೆವು. ಕುಣಿದು ದಣಿದಮೇಲೆ ನನ್ನ ಪಠ್ಯಪುಸ್ತಕವನ್ನು ಎತ್ತಿಕೊಂಡು, ಹಾಳೆಗಳನ್ನು ಮಗುಚಿ, ಏನೂ ಹೇಳದೆ ಕೆಳಗಿಡುವನು. ನಾನು ಮುಂದೆ ಪಂಡಿತ ಪರೀಕ್ಷೆಯವರೆಗೆ ಓದಿದೆ. ಯಕ್ಷಗಾನ ಪ್ರಸಂಗಗಳ ಛಂದಸ್ಸನ್ನು ಗಣ ಹಾಕಿ ವಿವರಿಸಬಲ್ಲೆ. ಏಕತಾಳಕ್ಕೆ ನಾಲ್ಕು ಹೆಜ್ಜೆ ಹಾಕಲಾರೆ.

ಉಳಿದ ಕಲೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ತಂದೆಯವರು ಮಾಡುತ್ತಿದ್ದ ಮಣ್ಣಿನ ಗಣಪತಿಯನ್ನು ಕಂಡು ಬೆಳೆದರು. ಚಿತ್ರವಿದ್ಯೆಯನ್ನು ಕ್ರಮವಾಗಿ ಕಲಿಯಲು ಮೈಸೂರಿಗೂ ಮುಂಬಯಿಯ ಜೆ. ಜೆ. ಕಲಾಶಾಲೆಗೂ ಹೋಗಬೇಕಾಯಿತು. ಕಾರ್ಕಳದಲ್ಲಿ 1432ರ ಗೊಮ್ಮಟನ ನೆರಳಿನಲ್ಲೇ ಕಲ್ಲುಕೆಲಸ ಉಳಿದುಬಂದಿದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈಯವರು ಆ ನೆಲದವರು. ಅಲ್ಲಿಯೂ ಉಳಿ ಹಿಡಿದವರ ಬಳಿ ಕುಳಿತವನಿಗೆ ಮಾತ್ರ ವಿದ್ಯೆ.

ಮಕ್ಕಳ ಶಿಕ್ಷಣದೊಳಕ್ಕೇ ಕಲೆಯನ್ನು ತರಬೇಕೆಂದು ಹಟತೊಟ್ಟವರು ಕೋಟದ ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ಅವರು ನಾಟಕ, ಕುಣಿತ, ಚಿತ್ರಗಳ ಮೂಲಕ ಮಕ್ಕಳಿಗೆ ಪಾಠ ಹೇಳುವ ಪ್ರಯೋಗ ನಡೆಸಿದರು. 1936ರಲ್ಲಿ ‘ಬಾಲಪ್ರಪಂಚ’ವನ್ನು ಬರೆದರು. ಒಬ್ಬ ಮನುಷ್ಯನ ಸಾಹಸವದು. ಅದು ಹಲವರ ಕೆಲಸವಾಗಲು ಇನ್ನೂ ಮೂರೂವರೆ ದಶಕ ಹಿಡಿಯಿತು. 1971ರಲ್ಲಿ ಉಡುಪಿಯ ಎಂ. ಜಿ. ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ತಲೆಯೆತ್ತಿತು. ಕಾರಂತರೂ ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರೂ ಅದರ ಹಿಂದಿದ್ದರು. ವೀರಭದ್ರ ನಾಯಕ್, ಮದ್ದಳೆಯ ಹಿರಿಯಡ್ಕ ಗೋಪಾಲ ರಾವ್, ಭಾಗವತ ನೀಲಾವರ ರಾಮಕೃಷ್ಣಯ್ಯ ಮೊದಲಾದ ಗುರುಗಳು ಅಲ್ಲಿ ಪಾಠ ಹೇಳಿದರು. ಮೇಳದ ಚೌಕಿಯಲ್ಲಿದ್ದ ವಿದ್ಯೆ ಹೀಗೆ ಊರ ನಡುವೆ ಒಂದು ಸೂರಿನ ಕೆಳಗೆ ಬಂದಿತು. ಇದಕ್ಕಿಂತ ಮಿಗಿಲಾದ ಮಾತೆಂದರೆ, ಅಲ್ಲಿ ಕಲಿತವರು ಕಲಿಸುವವರಾದರು. ವಿದ್ಯಾರ್ಥಿಯಾಗಿ ಬಂದ ಬನ್ನಂಜೆ ಸಂಜೀವ ಸುವರ್ಣರು ಅಲ್ಲಿಯೇ ಗುರುಗಳಾದರು. ಹಗಲು ಶಾಲೆ, ಬೆಳಗು ಬೈಗು ಹೆಜ್ಜೆ ಎಂಬ ಏರ್ಪಾಡಿನಲ್ಲಿ ಅನೇಕ ಬಡ ಹುಡುಗರು ಅಲ್ಲಿಯೇ ವಾಸವಿದ್ದು ಎರಡನ್ನೂ ಕಲಿತರು. ನನ್ನ ಬೆಂಚಿನ ಗೆಳೆಯನನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಬೇರೆ ಮಾತು.

1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿದರು. ಹಂದೆಯವರು ಶಾಲಾ ಅಧ್ಯಾಪಕರು. ನಮ್ಮ ವೃತ್ತಿಯವರೆಂದು ನನಗೆ ತುಸು ಹೆಮ್ಮೆ. ಶಾಲೆ ಬಿಡದ ಮಕ್ಕಳೇ ಪೂರ್ಣ ಪ್ರಸಂಗವನ್ನು ಆಡಬಲ್ಲರೆಂಬುದು ಅವರಿಂದ ಸಿದ್ಧವಾಯಿತು. ಅದೇ ವರ್ಷ ಉಡುಪಿಯಲ್ಲಿ ಯಕ್ಷಗಾನ ಕಲಾರಂಗವೂ ಹುಟ್ಟಿತು. 2008ರ ಸುಮಾರಿಗೆ ಆರಂಭವಾದ ಯಕ್ಷಶಿಕ್ಷಣದ ಯೋಜನೆಯಲ್ಲಿ ಕಲಾರಂಗದವರ ದುಡಿಮೆಯಿಂದ ಪ್ರೌಢಶಾಲೆಗಳಿಗೇ ಗುರುಗಳು ಬರತೊಡಗಿದರು. ಈಚೆಗೆ ಕಾಪುವಿನ ಕಡೆಗೂ ಇದು ಹಬ್ಬಿದೆ. ಹಿಂದೆ ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ರಂಗದಲ್ಲಿ ಇಂದು ಹೆಣ್ಣುಮಕ್ಕಳು ಕಿರೀಟ ಕಟ್ಟಿ ನಿಲ್ಲುತ್ತಾರೆ. ಘಟ್ಟದ ಮೇಲಿಂದ ಕೂಲಿಗೆ ಬಂದವರ ಮಕ್ಕಳೂ ಅವರ ನಡುವೆ ಇರುತ್ತಾರೆ.

ಇಷ್ಟು ಹೇಳಿದಮೇಲೆ, ಕಲಾವಿದ್ಯಾರ್ಥಿ ಮಕ್ಕಳೆಡೆಗೆ ಬಂದರೆ ಸಾಲದು, ಮತ್ತೆ ಮತ್ತೆ ಬರಬೇಕೆಂಬುದನ್ನು ನನ್ನದೇ ಅನುಭವದಿಂದ ಹೇಳಬೇಕಾಗಿದೆ. ಕೆಲವು ವರ್ಷಗಳ ಕೆಳಗೆ, ಕಾಪುವಿನ ಕಡಲ ಸಮೀಪದ ಶಾಲೆಯೊಂದರಲ್ಲಿ ನಾನಿದ್ದಾಗ, ಒಂದು ಕಾಲೇಜಿನ ಚಿತ್ರಕಲೆಯ ವಿದ್ಯಾರ್ಥಿಗಳು ಸೇವೆಗೆಂದು ಬಂದರು. ಮಕ್ಕಳಿಗೆ ಬಣ್ಣ ಹಂಚಿದರು. ಹೊರಗೋಡೆಯ ಮೇಲೆ ದೀಪಸ್ತಂಭ, ಅಲೆ, ದೋಣಿಗಳನ್ನು ಬರೆದರು. ಫೋಟೋ ತೆಗೆಸಿಕೊಂಡು ಸಂಜೆ ಹೊರಟರು. ಮುಂದಿನ ಭಾನುವಾರ ಏಳೆಂಟು ಮಕ್ಕಳು ಬಣ್ಣದ ಡಬ್ಬಿ ಹಿಡಿದು ಗೇಟಿನ ಬಳಿ ಕಾದಿದ್ದರೆಂದು ನನಗೆ ಸೋಮವಾರ ತಿಳಿಯಿತು. ಬರುವೆವೆಂದು ಅವರಿಗೆ ಯಾರೋ ಬಾಯಿಮಾತಿಗೆ ಹೇಳಿದ್ದರಂತೆ. ‘ಅವರು ಯಾವಾಗ ಬರ್ತಾರೆ ಸರ್?’ ಎಂಬ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರವಿಲ್ಲ. ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಇನ್ನು ಯಾರನ್ನೂ ಒಳಗೆ ಬಿಡಬಾರದೆಂದೂ ಯೋಚಿಸಿದೆ.

ತಿಂಗಳು ಕಳೆದಮೇಲೆ ಆ ತಂಡದ ಹುಡುಗಿಯೊಬ್ಬಳು ಮಣಿಪಾಲದ ಕಡೆಯಿಂದ ಎರಡು ಬಸ್ಸು ಹಿಡಿದು ಒಬ್ಬಳೇ ಬಂದಳು. ಗೋಡೆಯ ದೋಣಿಯನ್ನು ಕಂಡು ಮೀನುಗಾರರ ಮನೆಯ ಹುಡುಗನೊಬ್ಬ ಮೊದಲ ದಿನವೇ, ‘ಹೀಗಿದ್ದರೆ ಇದು ಅಲೆಗೆ ಮಗುಚುತ್ತದೆ ಅಕ್ಕ’ ಎಂದಿದ್ದನಂತೆ. ಆ ಮಾತು ಅವಳಿಗೆ ಮರೆತಿರಲಿಲ್ಲ. ‘ಅವನು ಹೇಳಿದ್ದು ಸರಿ ಸರ್. ತಿದ್ದಬೇಕು’ ಎಂದಳು. ಆ ದಿನ ಹುಡುಗನು ಅವಳನ್ನೂ ಉಳಿದ ಮಕ್ಕಳನ್ನೂ ದಡಕ್ಕೆ ಕರೆದೊಯ್ದು, ದೋಣಿಯ ಮೂತಿ ಏಕೆ ಮೇಲೆದ್ದಿರಬೇಕೆಂದು ಮರಳಿನ ಮೇಲೆ ಬೆರಳಿನಿಂದ ಗೆರೆಯೆಳೆದು ತೋರಿಸಿದನು. ಅವಳು ಪಕ್ಕದಲ್ಲಿ ಕುಳಿತು ಅದನ್ನೇ ಕಾಗದದ ಮೇಲೆ ಇಳಿಸಿಕೊಂಡಳು.

ಆಮೇಲೆ ಅವಳ ಓದು ಮುಗಿಯುವತನಕ, ಹೆಚ್ಚುಕಡಮೆ ಎರಡು ವರ್ಷ, ಪರೀಕ್ಷೆಯ ದಿನಗಳನ್ನುಳಿದು ಭಾನುವಾರ ತಪ್ಪಲಿಲ್ಲ. ಬರಲಾಗದಿದ್ದರೆ ಶುಕ್ರವಾರವೇ ಫೋನು ಮಾಡಿ ಮಕ್ಕಳಿಗೆ ತಿಳಿಸಿರೆನ್ನುವಳು. ಕೊನೆಯ ಭಾನುವಾರ ಮಕ್ಕಳೇ ಏಣಿ ತಂದು ಗೋಡೆಯ ದೋಣಿಗೆ ಮತ್ತೊಮ್ಮೆ ಬಣ್ಣ ಹಚ್ಚಿದರು. ಹಳೆಯ ಮೂತಿಯ ಗೆರೆ ಸುಣ್ಣದ ಕೆಳಗಿನಿಂದ ಇನ್ನೂ ಸ್ವಲ್ಪ ಕಾಣುತ್ತಿತ್ತು. ಆ ಮೀನುಗಾರರ ಹುಡುಗ ಆಗ ಒಂಬತ್ತನೆಯ ತರಗತಿ. ಏಣಿಯ ಕೆಳಗೆ ನಿಂತು ಐದನೆಯ ತರಗತಿಯವರಿಗೆ ಕುಂಚ ಹಿಡಿಯುವುದನ್ನು ಹೇಳಿಕೊಡುತ್ತಿದ್ದನು.