ಪರೀಕ್ಷೆ ಇಲ್ಲದ ಕ್ಲಾಸು

ಕೆಲಸ, ಸಂಸಾರ ಎಲ್ಲ ಶುರುವಾದ ಮೇಲೆ ಧರ್ಮ, ಫಿಲಾಸಫಿ ಓದೋದು ಯಾಕೆ? ಸರ್ಟಿಫಿಕೇಟೂ ಇಲ್ಲ, ಪ್ರಮೋಷನ್ನೂ ಇಲ್ಲ. ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗೋದು ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿರೋ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ.

1945ರಲ್ಲಿ ಇದನ್ನ ಕಟ್ಟಿದವರು ಡಿ.ವಿ. ಗುಂಡಪ್ಪ, ನಮ್ಮ ಡಿವಿಜಿ. ಜನರಿಗೆ ರಾಜಕೀಯ, ಆಡಳಿತದ ತಿಳಿವಳಿಕೆ ಬರಬೇಕು ಅನ್ನೋದು ಉದ್ದೇಶ. ಆದ್ರೆ ಅಲ್ಲಿನ ಅಧ್ಯಯನ ಗೋಷ್ಠಿಯಲ್ಲಿ ಅವರು ಭಗವದ್ಗೀತೆಯನ್ನೂ ವಿವರಿಸಿದ್ರು. ವೃತ್ತಿಯಲ್ಲಿ ಪತ್ರಕರ್ತರಾಗಿದ್ದ ಈ ಮೇಷ್ಟ್ರು ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲ!

ರಾಜಕೀಯ ಕಲಿಸೋ ಜಾಗದಲ್ಲಿ ಗೀತೆ ಯಾಕೆ? ನನಗೆ ಅರ್ಥವಾಗಿರೋದು ಇಷ್ಟು. 1951–52ರ ಮೊದಲ ಮಹಾಚುನಾವಣೆಯಲ್ಲಿ ವಯಸ್ಕರಿಗೆಲ್ಲ ಓಟು ಸಿಕ್ತು. ಓಟು ಹಾಕೋರಿಗೆ ಕಾನೂನು ಗೊತ್ತಿದ್ರೆ ಸಾಲದು. ತಮ್ಮ ಸ್ವಾರ್ಥವನ್ನ ತಾವೇ ತೂಗಿ ನೋಡೋ ಮನಸ್ಸೂ ಬೇಕು. ಡಿವಿಜಿ ಪಾಲಿಗೆ ಗೀತೆ ಬರೀ ಸನ್ಯಾಸಿಗಳ ಪುಸ್ತಕವಲ್ಲ, ಸಂಸಾರದಲ್ಲಿದ್ದು ಕರ್ತವ್ಯ ಮಾಡೋರದ್ದು. ಆ ಉಪನ್ಯಾಸಗಳೇ ಮುಂದೆ 'ಜೀವನಧರ್ಮಯೋಗ' ಅನ್ನೋ ಪುಸ್ತಕ ಆದವು. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನನ್ನದೊಂದು ತಕರಾರೂ ಇದೆ. ನಾಗರಿಕರನ್ನ ತಯಾರು ಮಾಡೋಕೆ ಒಂದೇ ಧರ್ಮದ ಗ್ರಂಥ ಸಾಕಾ? ಬೇರೆ ನಂಬಿಕೆಯವರು, ನಂಬಿಕೆಯೇ ಇಲ್ಲದವರು ಅಲ್ಲಿ ಎಲ್ಲಿ ಕೂರಬೇಕು? ಇವತ್ತು ಅಂಥ ಕ್ಲಾಸು ಶುರು ಮಾಡೋರು ಬುದ್ಧ, ಬಸವಣ್ಣ, ಕುರಾನ್, ಬೈಬಲ್, ಸಾಕ್ರಟೀಸ್ ಎಲ್ಲರಿಗೂ ಜಾಗ ಕೊಡಬೇಕು. ಜೊತೆಗೆ, ಪ್ರಶ್ನೆ ಕೇಳೋರಿಗೂ.

ಪರೀಕ್ಷೆ ಇಲ್ಲದ ಕ್ಲಾಸಿನ ದೊಡ್ಡ ಲಾಭ ಅದೇ ತಾನೆ? ಮೇಷ್ಟ್ರ ಮಾತು ಒಪ್ಪದಿದ್ರೂ ಫೇಲಾಗಲ್ಲ.