ಪದವಿಯ ನಂತರದ ನರ್ಸಿಂಗ್ ಶಿಕ್ಷಣ (ಕರ್ನಾಟಕ)

ಕಲೆ, ವಾಣಿಜ್ಯ ಮೊದಲಾದ ಬೇರೊಂದು ವಿಷಯದಲ್ಲಿ ಪದವಿ ಪಡೆದವರು ಶುಶ್ರೂಷಾ ವೃತ್ತಿಯನ್ನು ಆರಿಸಿಕೊಂಡು ಅದರ ಮೂಲ ತರಬೇತಿಗೆ ಮರಳಿ ವಿದ್ಯಾರ್ಥಿಗಳಾಗಿ ಸೇರುವುದನ್ನು ಪದವಿಯ ನಂತರದ ನರ್ಸಿಂಗ್ ಶಿಕ್ಷಣ ಎನ್ನಬಹುದು. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಇಂತಹ ಪದವೀಧರರಿಗೆ ಅವಧಿ ಕಡಿಮೆಯಿರುವ ಪ್ರತ್ಯೇಕ ಕೋರ್ಸುಗಳಿವೆ. ಭಾರತದಲ್ಲಿ ಅಂತಹ ವ್ಯವಸ್ಥೆ ಇಲ್ಲ. ಇಲ್ಲಿ ಪದವೀಧರರು ಪದವಿಪೂರ್ವ ಶಿಕ್ಷಣವನ್ನು ಆಗಷ್ಟೇ ಮುಗಿಸಿದವರ ಜೊತೆಯಲ್ಲಿ ಮೊದಲ ವರ್ಷಕ್ಕೇ ಸೇರಬೇಕು. ಪ್ರವೇಶವನ್ನು ನಿರ್ಧರಿಸುವುದು ಅವರ ಪದವಿಯ ಅಂಕಪಟ್ಟಿಯಲ್ಲ, ದ್ವಿತೀಯ ಪಿಯುಸಿಯ ಅಂಕಪಟ್ಟಿ. ಆದ್ದರಿಂದ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಬಿ.ಎ. ಅಥವಾ ಬಿ.ಕಾಂ. ಮುಗಿಸಿದವರಿಗೆ ಯಾವ ಕೋರ್ಸು ತೆರೆದಿದೆ ಎಂಬುದು ಹದಿನಾರನೆಯ ವಯಸ್ಸಿನಲ್ಲಿ ಅವರು ಆಯ್ದುಕೊಂಡ ವಿಷಯಗಳ ಮೇಲೆ ನಿಂತಿರುತ್ತದೆ.

ಹಿನ್ನೆಲೆ

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆಯನ್ನು ಆರಂಭಿಸಿದ ಮೇಲೆ ಶುಶ್ರೂಷೆಯು ಕ್ರಮಬದ್ಧ ತರಬೇತಿಯ ವೃತ್ತಿಯಾಗಿ ಬೆಳೆಯಿತು. ಬೇರೆ ವಿಷಯದ ಪದವೀಧರರನ್ನು ಈ ವೃತ್ತಿಗೆ ಕರೆತರುವ ಪ್ರಯತ್ನಗಳಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ಒಂದು ಶಿಬಿರವು ಗಮನಾರ್ಹವಾದುದು. 1918ರ ಬೇಸಿಗೆಯಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ಕಾಲೇಜು ಪದವಿ ಪಡೆದಿದ್ದ ಮಹಿಳೆಯರಿಗೆ ನರ್ಸಿಂಗ್‌ನ ಪ್ರಾಥಮಿಕ ಪಾಠಗಳನ್ನು ಕಲಿಸಿ, ಮುಂದಿನ ತರಬೇತಿಗಾಗಿ ಅವರನ್ನು ಆಸ್ಪತ್ರೆಗಳಿಗೆ ಕಳುಹಿಸಲಾಯಿತು. 1923ರಲ್ಲಿ ಸ್ಥಾಪನೆಯಾದ ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯು 1934ರಿಂದ ಪ್ರವೇಶಕ್ಕೆ ಪದವಿಯನ್ನೇ ಅರ್ಹತೆಯಾಗಿ ನಿಗದಿಪಡಿಸಿತು.

ಭಾರತದಲ್ಲಿ ನರ್ಸಿಂಗ್ ಪದವಿ ಶಿಕ್ಷಣವು 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಪ್ರಾರಂಭವಾಯಿತು. 1947ರ ಭಾರತೀಯ ಶುಶ್ರೂಷಾ ಪರಿಷತ್ತು ಕಾಯ್ದೆಯು ದೇಶಕ್ಕೆಲ್ಲ ಏಕರೂಪದ ಮಟ್ಟವನ್ನು ತರುವ ಉದ್ದೇಶ ಹೊಂದಿತ್ತು. ಪಠ್ಯಕ್ರಮ, ಪ್ರವೇಶದ ಅರ್ಹತೆ ಮತ್ತು ವಯೋಮಿತಿಗಳನ್ನು ಈ ಪರಿಷತ್ತು ನಿಗದಿಪಡಿಸುತ್ತ ಬಂದಿದೆ. ಈ ಕಾಯ್ದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಯನ್ನು ತರಲು ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು.

ಕೋರ್ಸುಗಳು ಮತ್ತು ಪ್ರವೇಶದ ಅರ್ಹತೆ

ಪದವೀಧರರು ಸೇರಬಹುದಾದ ಮೂಲ ಕೋರ್ಸುಗಳು ಮೂರು.

• ಬಿ.ಎಸ್ಸಿ. ನರ್ಸಿಂಗ್: ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ಪದವಿ. ದ್ವಿತೀಯ ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟಾಗಿ ಕನಿಷ್ಠ ಶೇಕಡಾ 45 ಅಂಕಗಳು ಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇಕಡಾ 40. ಕರ್ನಾಟಕದಲ್ಲಿ 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸರ್ಕಾರದ ಪಾಲಿನ ಸೀಟುಗಳನ್ನು ಹಂಚಲಾಗುತ್ತಿದೆ.

• ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ: ಸಂಕ್ಷಿಪ್ತವಾಗಿ ಜಿಎನ್‌ಎಂ ಎಂದು ಪರಿಚಿತವಾದ ಮೂರು ವರ್ಷಗಳ ಡಿಪ್ಲೊಮಾ. ಕೊನೆಯ ಆರು ತಿಂಗಳ ಇಂಟರ್ನ್‌ಶಿಪ್ ಇದರಲ್ಲೇ ಸೇರಿದೆ. ವಿಜ್ಞಾನ ಓದಿದವರಿಗೆ ಆದ್ಯತೆಯಿದ್ದರೂ ಕಲೆ ಮತ್ತು ವಾಣಿಜ್ಯ ವಿಭಾಗದವರೂ ಅರ್ಹರು. ಪಿಯುಸಿಯಲ್ಲಿ ಒಟ್ಟು ಶೇಕಡಾ 40 ಮತ್ತು ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಶೇಕಡಾ 40 ಅಂಕಗಳಿರಬೇಕು.

• ಎಎನ್‌ಎಂ: ಎರಡು ವರ್ಷಗಳ, ಮಹಿಳೆಯರಿಗೆ ಮಾತ್ರ ಮೀಸಲಾದ ಕೋರ್ಸು. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಉಪಕೇಂದ್ರಗಳ ಸೇವೆಗೆ ಸಿದ್ಧಗೊಳಿಸುವುದು ಇದರ ಉದ್ದೇಶ. ಕಲಾ ವಿಭಾಗದವರಿಗೂ ಪ್ರವೇಶವಿದೆ.

ಇವಲ್ಲದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎಂಬ ಕೋರ್ಸು ಇದೆ. ಇದು ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ. ಹೆಸರಿನಲ್ಲಿರುವ 'ಪೋಸ್ಟ್ ಬೇಸಿಕ್' ಎಂಬುದನ್ನು ಯಾವುದೇ ಪದವಿಯ ನಂತರ ಎಂದು ಅರ್ಥ ಮಾಡಿಕೊಳ್ಳುವುದು ತಪ್ಪು. ಅದರ ಅರ್ಥ ಮೂಲ ನರ್ಸಿಂಗ್ ತರಬೇತಿಯ ನಂತರ ಎಂದು. ಎಂ.ಎಸ್ಸಿ. ನರ್ಸಿಂಗ್‌ಗೆ ಸಹ ನರ್ಸಿಂಗ್ ಪದವಿಯೇ ಬೇಕು. ಬೇರೆ ವಿಷಯದ ಬಿ.ಎಸ್ಸಿ. ಪದವೀಧರರು ಅದಕ್ಕೆ ಅರ್ಹರಲ್ಲ.

ಕಲಾ ಪದವೀಧರರ ಮುಂದಿರುವ ದಾರಿಗಳು

ಪಿಯುಸಿಯಲ್ಲಿ ವಿಜ್ಞಾನ ಓದಿ, ಅನಂತರ ಬಿ.ಎ. ಅಥವಾ ಬಿ.ಕಾಂ. ಮಾಡಿದವರು ನೇರವಾಗಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶಕ್ಕೆ ಪ್ರಯತ್ನಿಸಬಹುದು. ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರಿಗೆ ಎರಡು ದಾರಿಗಳು ಉಳಿಯುತ್ತವೆ.

ಮೊದಲನೆಯದು ಜಿಎನ್‌ಎಂ ಮೂಲಕ ಸಾಗುವುದು. ಮೂರು ವರ್ಷಗಳ ಡಿಪ್ಲೊಮಾದ ನಂತರ ನೋಂದಣಿ ದೊರೆತು ಉದ್ಯೋಗ ಸಾಧ್ಯವಾಗುತ್ತದೆ. ಬಳಿಕ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಕೋರ್ಸು ಮುಗಿಸಿದರೆ ನರ್ಸಿಂಗ್ ಪದವಿಯೂ ಕೈಸೇರುತ್ತದೆ. ಓದಿನ ಒಟ್ಟು ಅವಧಿ ಐದು ವರ್ಷ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹಿರಿಯ ಮಾಧ್ಯಮಿಕ ಪರೀಕ್ಷೆಯಲ್ಲಿ ವಿಜ್ಞಾನ ವಿಷಯಗಳನ್ನು ಹೊಸದಾಗಿ ಓದಿ ತೇರ್ಗಡೆಯಾಗಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರುವುದು. ಇದರಲ್ಲಿ ಪ್ರಯೋಗ ಪರೀಕ್ಷೆಗಳೂ ಇರುತ್ತವೆ. ವಿಜ್ಞಾನದ ಓದಿಗೆ ಒಂದೆರಡು ವರ್ಷ, ಪದವಿಗೆ ನಾಲ್ಕು ವರ್ಷ ಎಂದು ಲೆಕ್ಕ ಹಾಕಿದರೆ ಐದಾರು ವರ್ಷ ಹಿಡಿಯುತ್ತದೆ. ಸಂಪಾದನೆ ಬೇಗ ಆರಂಭವಾಗಬೇಕಾದವರಿಗೆ ಮೊದಲನೆಯ ದಾರಿ ಅನುಕೂಲಕರ. ಎರಡನೆಯ ದಾರಿಯಲ್ಲಿ ನಡುವೆ ಉದ್ಯೋಗಾರ್ಹತೆ ದೊರೆಯುವುದಿಲ್ಲ.

ನರ್ಸಿಂಗ್‌ನ ಮೂಲ ಕೋರ್ಸುಗಳು ದೂರಶಿಕ್ಷಣದಲ್ಲಿ ಲಭ್ಯವಿಲ್ಲ. ಆರು ತಿಂಗಳ ಅಥವಾ ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್' ಮಾದರಿಯ ಪ್ರಮಾಣಪತ್ರ ಕೋರ್ಸುಗಳಿಂದ ಸಹಾಯಕರ ಕೆಲಸ ಸಿಗಬಹುದೇ ಹೊರತು ನರ್ಸ್ ಎಂದು ನೋಂದಣಿ ದೊರೆಯುವುದಿಲ್ಲ. ಕಡಿಮೆ ಅವಧಿಯ ಕೋರ್ಸು ಹುಡುಕುವ ಪದವೀಧರರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ವಯೋಮಿತಿ

ಬಿ.ಎಸ್ಸಿ. ನರ್ಸಿಂಗ್ ಮತ್ತು ಜಿಎನ್‌ಎಂ ಪ್ರವೇಶಕ್ಕೆ ಕನಿಷ್ಠ ವಯಸ್ಸು 17, ಗರಿಷ್ಠ 35. ವಿವಾಹಿತರಿಗೂ ಪ್ರವೇಶವಿದೆ. ಆದರೆ ಕೋರ್ಸಿನ ವಯೋಮಿತಿ ಒಂದು, ಉದ್ಯೋಗದ ವಯೋಮಿತಿ ಮತ್ತೊಂದು. ಏಮ್ಸ್ ಆಸ್ಪತ್ರೆಗಳ ನೇಮಕಾತಿಗಾಗಿ 2020ರಲ್ಲಿ ಆರಂಭವಾದ ನಾರ್ಸೆಟ್ ಪರೀಕ್ಷೆಗೆ ಗರಿಷ್ಠ ವಯಸ್ಸು 30. ಹಿಂದುಳಿದ ವರ್ಗಗಳಿಗೆ ಮೂರು, ಪರಿಶಿಷ್ಟರಿಗೆ ಐದು ವರ್ಷಗಳ ಸಡಿಲಿಕೆಯಿದೆ. ಜಿಎನ್‌ಎಂ ಓದಿದವರು ಇದಕ್ಕೆ ಅರ್ಜಿ ಸಲ್ಲಿಸಲು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿರಬೇಕು.

ಉದಾಹರಣೆಗೆ, 21ನೆಯ ವಯಸ್ಸಿಗೆ ಬಿ.ಎ. ಮುಗಿಸಿದ ವಿದ್ಯಾರ್ಥಿನಿಯು ಕೂಡಲೇ ಜಿಎನ್‌ಎಂಗೆ ಸೇರಿದರೆ 24ಕ್ಕೆ ಕೋರ್ಸು, 26ಕ್ಕೆ ಅನುಭವದ ಅವಧಿ ಮುಗಿಯುತ್ತದೆ. ಅದೇ ವಿದ್ಯಾರ್ಥಿನಿಯು 26ನೆಯ ವಯಸ್ಸಿನಲ್ಲಿ ಸೇರಿದರೆ ಅನುಭವ ಪೂರ್ಣಗೊಳ್ಳುವಾಗ 31 ತುಂಬಿರುತ್ತದೆ. ಸಾಮಾನ್ಯ ವರ್ಗದವರಾಗಿದ್ದರೆ ಆ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶ ಆಗಲೇ ಕಳೆದುಹೋಗಿರುತ್ತದೆ. ಕರ್ನಾಟಕ ಸರ್ಕಾರದ ನೇಮಕಾತಿಯ ಸಾಮಾನ್ಯ ನಿಯಮಗಳಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38 ಮತ್ತು ಪರಿಶಿಷ್ಟರಿಗೆ 40 ಆಗಿರುವುದರಿಂದ ತಡವಾಗಿ ಓದಿಗೆ ಮರಳಿದವರಿಗೆ ರಾಜ್ಯದ ಹುದ್ದೆಗಳಲ್ಲಿ ಹೆಚ್ಚು ಕಾಲಾವಕಾಶವಿದೆ.

ಪಠ್ಯಕ್ರಮ

2021ರಲ್ಲಿ ಪ್ರಕಟವಾದ ಪರಿಷ್ಕೃತ ಪಠ್ಯಕ್ರಮದಂತೆ ಬಿ.ಎಸ್ಸಿ. ನರ್ಸಿಂಗ್‌ನ ಮೊದಲ ಸೆಮಿಸ್ಟರಿನಲ್ಲಿ ಸಂವಹನ ಇಂಗ್ಲಿಷ್, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ಮತ್ತು ಶುಶ್ರೂಷೆಯ ಮೂಲಭೂತ ತತ್ತ್ವಗಳನ್ನು ಬೋಧಿಸಲಾಗುತ್ತದೆ. ಜಿಎನ್‌ಎಂ ಮೊದಲ ವರ್ಷದಲ್ಲಿಯೂ ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರಗಳಿವೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಈ ಪಾಠಗಳು ಪರಿಚಿತವೆನಿಸಿದರೂ ಅವರು ಅವುಗಳನ್ನು ಮತ್ತೆ ಓದಿ ಪರೀಕ್ಷೆ ಬರೆಯಬೇಕು. ಕೋರ್ಸಿನ ಅವಧಿಯೂ ಕಡಿಮೆಯಾಗುವುದಿಲ್ಲ.

ಕಲಾ ಪದವಿಗೂ ನರ್ಸಿಂಗ್‌ಗೂ ಇರುವ ದೊಡ್ಡ ವ್ಯತ್ಯಾಸ ಹಾಜರಾತಿಯಲ್ಲಿದೆ. ಪರೀಕ್ಷೆಗೆ ಕುಳಿತುಕೊಳ್ಳಲು ತರಗತಿ ಮತ್ತು ಪ್ರಾಯೋಗಿಕ ಎರಡರಲ್ಲೂ ಶೇಕಡಾ 80 ಹಾಜರಾತಿ ಬೇಕು. ಪದವಿ ಪ್ರದಾನಕ್ಕೆ ಮುನ್ನ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯನ್ನು ಶೇಕಡಾ 100 ಪೂರೈಸಿರಲೇಬೇಕು. ಮುಖ್ಯ ವಿಷಯಗಳಲ್ಲಿ ತೇರ್ಗಡೆಗೆ ಲಿಖಿತ ಮತ್ತು ಪ್ರಾಯೋಗಿಕಗಳಲ್ಲಿ ಪ್ರತ್ಯೇಕವಾಗಿ ಶೇಕಡಾ 50 ಅಂಕಗಳು ಬೇಕು. ವಾರ್ಡಿನ ಕರ್ತವ್ಯಗಳು ಹಗಲಿನ ಹೊತ್ತಿಗೆ ಸೀಮಿತವಾಗಿರುವುದಿಲ್ಲ. ಆದ್ದರಿಂದ ಪೂರ್ಣಾವಧಿ ಉದ್ಯೋಗದಲ್ಲಿದ್ದುಕೊಂಡು ಈ ಶಿಕ್ಷಣವನ್ನು ಮುಗಿಸುವುದು ಸಾಧ್ಯವಾಗದು.

ಬೋಧನೆ ಮತ್ತು ಪರೀಕ್ಷೆಗಳ ಭಾಷೆ ಇಂಗ್ಲಿಷ್. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವರ್ಷವು ಹೊಸ ವಿಷಯ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಕಲಿಯುವ ವರ್ಷವಾಗುತ್ತದೆ.

ಬಸವಕಲ್ಯಾಣ–ಹುಮನಾಬಾದ ಪ್ರದೇಶದಲ್ಲಿ

ಹುಮನಾಬಾದವು ಬೀದರ್ ಮತ್ತು ಕಲಬುರಗಿಗಳ ನಡುವೆ ರಾಷ್ಟ್ರೀಯ ಹೆದ್ದಾರಿ 65ರ ಮೇಲಿದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಎರಡೂ ನಗರಗಳಿಗೆ ರೈಲಿನ ಸಂಪರ್ಕವೂ ದೊರೆತಿದೆ. ಬಸವಕಲ್ಯಾಣವು ಅದರ ಪಶ್ಚಿಮಕ್ಕೆ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿದೆ. ಎರಡೂ ಪಟ್ಟಣಗಳಲ್ಲಿ ಪದವಿ ಕಾಲೇಜುಗಳೂ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳೂ ಇವೆ. ಬಿ.ಎ. ಓದನ್ನು ಮನೆಯಿಂದಲೇ ಓಡಾಡಿ ಮುಗಿಸಬಹುದು. ನರ್ಸಿಂಗ್ ತರಬೇತಿಗೆ ಹೆಚ್ಚಿನ ಸಂಖ್ಯೆಯ ರೋಗಿಗಳೂ ಹಲವು ವಿಭಾಗಗಳೂ ಇರುವ ಆಸ್ಪತ್ರೆ ಬೇಕಾಗುವುದರಿಂದ ವೈದ್ಯಕೀಯ ಕಾಲೇಜುಗಳಿರುವ ಬೀದರ್, ಕಲಬುರಗಿಗಳಂತಹ ನಗರಗಳೇ ಅದಕ್ಕೆ ಸಹಜ ಕೇಂದ್ರಗಳು. ಹಾಸ್ಟೆಲಿನ ವೆಚ್ಚ ಮತ್ತು ಮನೆಯಿಂದ ದೂರವಿರುವುದು ವಿವಾಹಿತ ಪದವೀಧರೆಯರ ನಿರ್ಧಾರದ ಮೇಲೆ ವಿಶೇಷವಾಗಿ ಪ್ರಭಾವ ಬೀರುವ ಅಂಶಗಳು.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯು ಈ ಪ್ರದೇಶದವರಿಗೆ ಮಹತ್ವದ ನೆರವು ನೀಡಿದೆ. ಅದರ ಅನ್ವಯ 2013ರಲ್ಲಿ ಹೊರಡಿಸಿದ ಆದೇಶದಂತೆ ಇಂದಿನ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಮತ್ತು ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳು ಸ್ಥಳೀಯರಿಗೆ ಮೀಸಲು. ಪ್ರದೇಶದೊಳಗಿನ 'ಸಿ' ವರ್ಗದ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 80 ಸ್ಥಳೀಯರಿಗೆ ಸಲ್ಲುತ್ತವೆ. ಈ ಸೌಲಭ್ಯಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಬಸವಕಲ್ಯಾಣವು ಉಪವಿಭಾಗ ಕೇಂದ್ರವೂ ಹೌದು.

ಈ ಗಡಿಭಾಗದ ಆಸ್ಪತ್ರೆಗಳಿಗೆ ಕನ್ನಡ, ಮರಾಠಿ, ದಖನಿ ಉರ್ದು ಮತ್ತು ತೆಲುಗು ಮಾತನಾಡುವ ರೋಗಿಗಳು ಬರುತ್ತಾರೆ. ನೋವು ಎಲ್ಲಿದೆ, ಎಂದಿನಿಂದ ಇದೆ ಎಂಬುದನ್ನು ರೋಗಿಯ ಮಾತಿನಲ್ಲೇ ಕೇಳಿ ತಿಳಿಯಬಲ್ಲ ಸ್ಥಳೀಯ ಶುಶ್ರೂಷಕರಿಗೆ ಇಲ್ಲಿ ವಿಶೇಷ ಅನುಕೂಲವಿದೆ.

ವಿದ್ಯಾರ್ಥಿವೇತನ

ಎರಡನೆಯ ಪದವಿಗೆ ಸೇರುವವರು ಮೊದಲೇ ತಿಳಿದಿರಬೇಕಾದ ನಿಯಮವೊಂದು ಇದೆ. ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯು ಒಂದು ಹಂತದ ಶಿಕ್ಷಣ ಮುಗಿಸಿದವರು ಅದೇ ಹಂತದ ಬೇರೊಂದು ವಿಷಯಕ್ಕೆ ಸೇರಿದರೆ ಅವರಿಗೆ ನೆರವು ನೀಡುವುದಿಲ್ಲ, ಬಿ.ಎ. ಆದ ಮೇಲೆ ಬಿ.ಕಾಂ. ಸೇರುವುದನ್ನು ನಿಯಮವೇ ಉದಾಹರಿಸುತ್ತದೆ. ಆದ್ದರಿಂದ ಪಿಯುಸಿಯಿಂದ ನೇರವಾಗಿ ಬಂದ ಸಹಪಾಠಿಗೆ ದೊರೆಯುವ ವಿದ್ಯಾರ್ಥಿವೇತನವು ಅದೇ ತರಗತಿಯಲ್ಲಿರುವ ಪದವೀಧರರಿಗೆ ದೊರೆಯದೆ ಹೋಗಬಹುದು. ಶುಲ್ಕ ಪಾವತಿಸುವ ಮುನ್ನ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಇದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಪರೀಕ್ಷೆ, ನೋಂದಣಿ ಮತ್ತು ಉದ್ಯೋಗ

ಕರ್ನಾಟಕದಲ್ಲಿ ನರ್ಸಿಂಗ್ ಪದವಿ ಕಾಲೇಜುಗಳು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಪರಿಭಾವಿತ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲಿವೆ. ಜಿಎನ್‌ಎಂ ಪರೀಕ್ಷೆಗಳನ್ನು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ. ಕೋರ್ಸು ಮುಗಿಸಿದವರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಸೇರುವ ಮುನ್ನ ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸದಿದ್ದರೆ ಓದು ಮುಗಿದ ಮೇಲೆ ನೋಂದಣಿಯೇ ದೊರೆಯದಿರುವ ಅಪಾಯವಿದೆ.

ಮೊದಲ ಪದವಿಯು ಶುಶ್ರೂಷಾ ಹುದ್ದೆಯ ನೇಮಕಾತಿಗೆ ನರ್ಸಿಂಗ್ ಅರ್ಹತೆಯ ಬದಲಿಯಾಗುವುದಿಲ್ಲ. ಆದರೆ ಅದು ಅನೂರ್ಜಿತವಾಗುವುದೂ ಇಲ್ಲ. ಪದವಿಯನ್ನು ಕೇಳುವ ಇತರ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅದರ ಅರ್ಹತೆ ಉಳಿದೇ ಇರುತ್ತದೆ.

ಇತರ ದೇಶಗಳಲ್ಲಿ

ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವು 1971ರಲ್ಲಿ ಬೇರೆ ವಿಷಯದ ಪದವೀಧರರಿಗಾಗಿ ತ್ವರಿತ ನರ್ಸಿಂಗ್ ಪದವಿಯನ್ನು ಆರಂಭಿಸಿತು. ಇಂತಹ ಕೋರ್ಸುಗಳು ಸಾಮಾನ್ಯವಾಗಿ 11ರಿಂದ 18 ತಿಂಗಳುಗಳಲ್ಲಿ ಮುಗಿಯುತ್ತವೆ. ಸೇರುವ ಮುನ್ನ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮುಂತಾದ ವಿಷಯಗಳನ್ನು ಪ್ರತ್ಯೇಕವಾಗಿ ಓದಿರಬೇಕಾಗುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಪದವೀಧರರಿಗೆ ಎರಡು ವರ್ಷಗಳ ಸ್ನಾತಕೋತ್ತರ ಮಟ್ಟದ ಪ್ರವೇಶ ಕೋರ್ಸುಗಳಿವೆ. ಅಲ್ಲಿ ಮೊದಲ ಪದವಿಯು ಕಲಿಕೆಯ ಸಾಮರ್ಥ್ಯಕ್ಕೆ ಆಧಾರವೆಂದು ಪರಿಗಣಿತವಾಗುತ್ತದೆ; ಆಸ್ಪತ್ರೆಯ ತರಬೇತಿಗೆ ಮಾತ್ರ ಅದು ಬದಲಿಯಲ್ಲ.

ಇವನ್ನೂ ನೋಡಿ

• ಶುಶ್ರೂಷೆ
• ಫ್ಲಾರೆನ್ಸ್ ನೈಟಿಂಗೇಲ್
• ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ
• ಕಲ್ಯಾಣ ಕರ್ನಾಟಕ
• ಬಸವಕಲ್ಯಾಣ
• ಹುಮನಾಬಾದ