ಏಪ್ರಿಲ್ 26, 1999: ವಿಂಡೋಸ್ ಸತ್ತಿತ್ತು, ಫೈಲ್‌ಗಳು ಬದುಕಿದ್ದವು

ಇವತ್ತಿನ ವಿಷಯ ಒಂದು ಹಳೇ ವೈರಸ್. ಆದರೆ ವೈರಸ್ ಬಂದ ಕಥೆಗಿಂತ, ಅದು ಹೋದ ಮೇಲಿನ ಕಥೆ ನನಗೆ ಮುಖ್ಯ ಅನ್ನಿಸುತ್ತೆ. ಕಂಪ್ಯೂಟರ್ ಬೂಟ್ ಆಗ್ತಿಲ್ಲ, ವಿಂಡೋಸ್ ಇಲ್ಲ, ಸಿ ಡ್ರೈವೇ ಕಾಣ್ತಿಲ್ಲ. ಹಾಗಾದರೆ ಡೇಟಾ ಹೋಯ್ತಾ? 1999ರ ಏಪ್ರಿಲ್ 26, ಸೋಮವಾರ, ಜಗತ್ತಿನ ಲಕ್ಷಾಂತರ ಜನ ಒಂದೇ ದಿನ ಈ ಪ್ರಶ್ನೆ ಎದುರಿಸಬೇಕಾಯ್ತು. ಸರಿಯಾದ ಉತ್ತರ ಬಹಳಷ್ಟು ಜನರ ಪಾಲಿಗೆ "ಇಲ್ಲ, ಹೋಗಿಲ್ಲ" ಅನ್ನೋದೇ ಆಗಿತ್ತು.

ವೈರಸ್ ಹೆಸರು ಸಿಐಎಚ್. 1998ರಲ್ಲಿ ತೈಪೆಯ ಚೆನ್ ಇಂಗ್-ಹಾವ್ ಎಂಬ ವಿದ್ಯಾರ್ಥಿ ಬರೆದದ್ದು, ಅವನ ಹೆಸರಿನ ಮೊದಲಕ್ಷರಗಳೇ ವೈರಸ್ಸಿನ ಹೆಸರು. 1986ರಲ್ಲಿ ಚೆರ್ನೋಬಿಲ್ ದುರಂತ ನಡೆದದ್ದೂ ಏಪ್ರಿಲ್ 26ರಂದೇ. ಹಾಗಾಗಿ ಪತ್ರಿಕೆಗಳು ಇದನ್ನು ಚೆರ್ನೋಬಿಲ್ ವೈರಸ್ ಅಂತ ಕರೆದವು.

ಇದರ ಗಾತ್ರ ಸುಮಾರು 1 ಕೆಬಿ ಮಾತ್ರ. ವಿಂಡೋಸ್‌ನ ಎಕ್ಸ್‌ಇ ಫೈಲ್‌ಗಳ ಒಳಗೆ ಅಲ್ಲಲ್ಲಿ ಖಾಲಿ ಜಾಗ ಉಳಿದಿರುತ್ತೆ. ಸಿಐಎಚ್ ತನ್ನನ್ನೇ ತುಂಡು ತುಂಡು ಮಾಡಿಕೊಂಡು ಆ ಜಾಗಗಳಲ್ಲಿ ಕೂರುತ್ತಿತ್ತು. ಫೈಲಿನ ಸೈಜ್ ಒಂದು ಬೈಟ್ ಕೂಡ ಹೆಚ್ಚಾಗುತ್ತಿರಲಿಲ್ಲ. ಕಳ್ಳ ಸಿಡಿಗಳಿಂದ ಹರಡಿತು ಅಂತ ಹೇಳಿ ಮುಗಿಸುವ ಹಾಗೂ ಇಲ್ಲ. ಯಮಹಾ ಕಂಪನಿಯ ಸಿಡಿ ಡ್ರೈವ್‌ನ ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ ಇದು ಸೇರಿಕೊಂಡಿತ್ತು. 1999ರ ಮಾರ್ಚ್‌ನಲ್ಲಿ ಐಬಿಎಂನ ಒಂದಷ್ಟು ಆಪ್ಟಿವಾ ಕಂಪ್ಯೂಟರ್‌ಗಳು ಫ್ಯಾಕ್ಟರಿಯಿಂದಲೇ ಈ ವೈರಸ್ ಹೊತ್ತು ಹೊರಬಂದವು.

ಇಷ್ಟು ಚಿಕ್ಕ ಪ್ರೋಗ್ರಾಂಗೆ ಅಷ್ಟು ಬಲ ಎಲ್ಲಿಂದ ಬಂತು? ಪ್ರಾಸೆಸರ್‌ನಲ್ಲಿ ರಿಂಗ್ 0, ರಿಂಗ್ 3 ಅಂತ ಅಧಿಕಾರದ ಮಟ್ಟಗಳಿವೆ ಅಂತ ಕಾಲೇಜಿನಲ್ಲಿ ಓದಿರ್ತೀರಿ. ಯಾವ ಇಂಟರಪ್ಟ್ ಬಂದರೆ ಎಲ್ಲಿಗೆ ಹೋಗಬೇಕು ಅಂತ ಹೇಳುವ ಟೇಬಲ್ ಒಂದಿರುತ್ತೆ. ವಿಂಡೋಸ್ 95 ಮತ್ತು 98ರಲ್ಲಿ ಸಾಮಾನ್ಯ ಪ್ರೋಗ್ರಾಂ ಕೂಡ ಆ ಟೇಬಲ್ ತಿದ್ದಬಹುದಿತ್ತು. ಸಿಐಎಚ್ ಅದನ್ನು ತಿದ್ದಿ, ಇಂಟರಪ್ಟ್ ಎಬ್ಬಿಸಿ, ನೇರ ಕರ್ನಲ್ ಒಳಗೆ ನುಗ್ಗುತ್ತಿತ್ತು. ವಿಂಡೋಸ್ ಎನ್‌ಟಿಯಲ್ಲಿ ಆ ಬಾಗಿಲು ಮುಚ್ಚಿತ್ತು, ಅಲ್ಲಿ ಇದರ ಆಟ ನಡೆಯಲಿಲ್ಲ.

ಏಪ್ರಿಲ್ 26 ಬಂತು. ವೈರಸ್ ಎರಡು ಏಟು ಕೊಟ್ಟಿತು. ಒಂದು, ಬಯೋಸ್ ಚಿಪ್‌ಗೆ ಕಸ ಬರೆಯೋದು. ಇದು ಎಲ್ಲ ಮದರ್‌ಬೋರ್ಡ್‌ಗಳಲ್ಲಿ ಫಲಿಸಲಿಲ್ಲ, ಮುಖ್ಯವಾಗಿ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ ಇದ್ದ ಬೋರ್ಡ್‌ಗಳು ಸಿಕ್ಕಿಬಿದ್ದವು. ಫಲಿಸಿದ ಕಡೆ ಪರದೆ ಪೂರ್ತಿ ಕಪ್ಪು. ಚಿಪ್ ಕಿತ್ತು ಬೇರೆ ಯಂತ್ರದಲ್ಲಿ ಹೊಸದಾಗಿ ಬರೆಸಬೇಕಿತ್ತು, ಇಲ್ಲವೇ ಬೋರ್ಡೇ ಬದಲಿಸಬೇಕಿತ್ತು. ಎರಡನೆಯದು, ಹಾರ್ಡ್ ಡಿಸ್ಕಿನ ಆರಂಭದಿಂದ ಸರಿಯಾಗಿ 1 ಎಂಬಿ, ಅಂದರೆ 2048 ಸೆಕ್ಟರ್‌ಗಳಿಗೆ ಸೊನ್ನೆ ಬರೆಯೋದು. ನಮ್ಮ ಕಥೆ ಇರೋದು ಈ 1 ಎಂಬಿಯಲ್ಲಿ.

ಒಂದು ಹೋಲಿಕೆ ಕೊಡ್ತೀನಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಪಹಣಿ ಹೋಯ್ತು, ಸರ್ವೆ ನಕ್ಷೆ ಹೋಯ್ತು. ಆದರೆ ಹೊಲ? ಅದು ಊರಲ್ಲಿ ಇದ್ದಲ್ಲೇ ಇರುತ್ತೆ. ಯಾವುದು ಯಾರದ್ದು, ಗಡಿ ಎಲ್ಲಿ ಅಂತ ಹೇಳುವ ಕಾಗದ ಮಾತ್ರ ಇಲ್ಲ. ಸಿಐಎಚ್ ಸುಟ್ಟಿದ್ದು ರೆಕಾರ್ಡ್ ರೂಮನ್ನು.

ಆ ಕಾಲದ ಡಿಸ್ಕಿನಲ್ಲಿ ಮೊದಲ ಸೆಕ್ಟರ್‌ನಲ್ಲಿ ಪಾರ್ಟಿಷನ್ ಟೇಬಲ್. ಸಾಮಾನ್ಯವಾಗಿ 63ನೇ ಸೆಕ್ಟರ್‌ನಿಂದ ಸಿ ಡ್ರೈವ್ ಶುರು: ಮೊದಲು ಬೂಟ್ ಸೆಕ್ಟರ್, ಆಮೇಲೆ ಫ್ಯಾಟ್ ಟೇಬಲ್. ಯಾವ ಫೈಲಿನ ತುಂಡುಗಳು ಯಾವ ಕ್ಲಸ್ಟರ್‌ಗಳಲ್ಲಿವೆ ಅಂತ ಹೇಳೋದು ಈ ಫ್ಯಾಟ್. ಇದು ಹಾಳಾದರೆ ಕಷ್ಟ ಅಂತಲೇ ಇದರ ಎರಡನೇ ಪ್ರತಿಯನ್ನು ಅದರ ಹಿಂದೆಯೇ ಇಟ್ಟಿರುತ್ತಾರೆ.

ಈಗ ಲೆಕ್ಕ ಹಾಕೋಣ. ಹಳೆಯ ಫ್ಯಾಟ್16ರಲ್ಲಿ ಒಂದು ಪ್ರತಿ ಹೆಚ್ಚೆಂದರೆ 128 ಕೆಬಿ. ಎರಡೂ ಸೇರಿ 256 ಕೆಬಿ, ಮೇಲೆ ರೂಟ್ ಡೈರೆಕ್ಟರಿ 16 ಕೆಬಿ. ಎಲ್ಲವೂ ಮೊದಲ 1 ಎಂಬಿ ಒಳಗೇ. ಅಂದರೆ ಮೂಲ, ನಕಲು ಎರಡೂ ಒಂದೇ ಬೆಂಕಿಯಲ್ಲಿ ಬೂದಿ. ಫ್ಯಾಟ್32 ಇರುವ 4 ಜಿಬಿ ಡ್ರೈವ್ ತಗೊಳ್ಳಿ. ಕ್ಲಸ್ಟರ್ 4 ಕೆಬಿ, ಹಾಗಾಗಿ ಸುಮಾರು 10 ಲಕ್ಷ ಕ್ಲಸ್ಟರ್, ಒಂದೊಂದಕ್ಕೆ 4 ಬೈಟ್. ಫ್ಯಾಟ್‌ನ ಒಂದು ಪ್ರತಿಯೇ 4 ಎಂಬಿ ಆಯ್ತು. ವೈರಸ್ ತಿಂದದ್ದು ಮೊದಲ ಪ್ರತಿಯ ಕಾಲು ಭಾಗ. ಎರಡನೇ ಪ್ರತಿ ಶುರುವಾಗೋದೇ 4 ಎಂಬಿ ದಾಟಿದ ಮೇಲೆ. ಅದಕ್ಕೆ ಕೂದಲೂ ಕೊಂಕಿರಲಿಲ್ಲ!

ಇದರ ಮೇಲೆ ರಿಕವರಿ ನಿಂತಿತು. ಫ್ಯಾಟ್32 ಟೇಬಲಿನ ಮೊದಲ ನಾಲ್ಕು ಬೈಟ್‌ಗಳು ಗೊತ್ತಿರುವ ಮಾದರಿಯವು: ಎಫ್‌8, ಎಫ್‌ಎಫ್, ಎಫ್‌ಎಫ್, 0ಎಫ್. ಡಿಸ್ಕಿನಲ್ಲಿ ಸೆಕ್ಟರ್ ಸೆಕ್ಟರ್ ಹುಡುಕುತ್ತಾ ಹೋದರೆ ಎರಡನೇ ಪ್ರತಿಯ ತಲೆ ಸಿಗುತ್ತೆ. ಮೊದಲನೆಯದು ಎಲ್ಲಿಂದ ಶುರುವಾಗಬೇಕಿತ್ತು ಅಂತ ವಾಡಿಕೆಯಿಂದ ಗೊತ್ತು. ಎರಡರ ನಡುವಿನ ಅಂತರವೇ ಒಂದು ಪ್ರತಿಯ ಉದ್ದ. ಉದ್ದ ಗೊತ್ತಾದರೆ ಕ್ಲಸ್ಟರ್ ಎಷ್ಟು, ಡ್ರೈವ್ ಎಷ್ಟು ದೊಡ್ಡದು, ರೂಟ್ ಡೈರೆಕ್ಟರಿ ಎಲ್ಲಿದೆ ಎಲ್ಲವನ್ನೂ ಲೆಕ್ಕ ಹಾಕಬಹುದು. ಆಮೇಲೆ ಎರಡನೇ ಪ್ರತಿಯನ್ನು ಮೊದಲನೆಯದರ ಜಾಗಕ್ಕೆ ನಕಲು ಮಾಡಿ, ಬೂಟ್ ಸೆಕ್ಟರ್, ಪಾರ್ಟಿಷನ್ ಟೇಬಲ್ ಹೊಸದಾಗಿ ಬರೆದರೆ ಮುಗಿಯಿತು. ಅಮೆರಿಕದ ಸ್ಟೀವ್ ಗಿಬ್ಸನ್ ಇದನ್ನೆಲ್ಲ ಮಾಡುವ ಫಿಕ್ಸ್-ಸಿಐಎಚ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಉಚಿತವಾಗಿ ಕೊಟ್ಟರು. ನಮ್ಮ ಪಕ್ಕದ ಢಾಕಾದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯೊಬ್ಬ ಇಂಥದ್ದೇ ಉಚಿತ ಪ್ರೋಗ್ರಾಂ ಬರೆದ.

ಹೀಗೆ ಮರಳಿ ಬಂದದ್ದು ಬರೀ ಡಾಕ್ಯುಮೆಂಟ್‌ಗಳಲ್ಲ. ವಿಂಡೋಸ್, ರಿಜಿಸ್ಟ್ರಿ, ಇನ್‌ಸ್ಟಾಲ್ ಮಾಡಿದ್ದ ಪ್ರೋಗ್ರಾಂಗಳು ಸಮೇತ ಎಲ್ಲವೂ ಇದ್ದ ಹಾಗೇ ಬಂದವು. ಆದರೆ ಅದೇ ಎಕ್ಸ್‌ಇ ಫೈಲ್‌ಗಳ ಒಳಗೆ ಸಿಐಎಚ್ ಕೂಡ ಜೀವಂತವಾಗಿ ವಾಪಸ್ ಬರುತ್ತಿತ್ತು. ಇದರ ಒಂದು ತಳಿ ಪ್ರತಿ ತಿಂಗಳೂ 26ರಂದು ಏಳುವಂಥದ್ದು. ಹಾಗಾಗಿ ಶುದ್ಧವಾದ ಫ್ಲಾಪಿಯಿಂದ ಬೂಟ್ ಮಾಡಿ, ವೈರಸ್ ತೆಗೆದ ಮೇಲೇ ವಿಂಡೋಸ್ ಶುರು ಮಾಡಬೇಕಿತ್ತು.

ದುಃಖದ ಭಾಗ ಈಗ ಬರುತ್ತೆ. ಎಸ್‌ಪಿ ರೋಡ್, ಲ್ಯಾಮಿಂಗ್ಟನ್ ರೋಡ್, ನೆಹರೂ ಪ್ಲೇಸ್, ರಿಚೀ ಸ್ಟ್ರೀಟ್, ಯಾವ ಬೀದಿಯ ಅಂಗಡಿಗೇ ಹೋಗಿ, ಬೂಟ್ ಆಗದ ಕಂಪ್ಯೂಟರ್‌ಗೆ ಸುಲಭದ ಮದ್ದು ಒಂದೇ: "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಡ್ತೀವಿ ಸಾರ್." ಫಾರ್ಮ್ಯಾಟ್ ಮಾಡಿದರೆ ಏನಾಗುತ್ತೆ? ಫ್ಯಾಟ್‌ನ ಎರಡೂ ಪ್ರತಿಗಳನ್ನು ಖಾಲಿ ಮಾಡುತ್ತೆ. ವೈರಸ್ ಮುಟ್ಟದೆ ಬಿಟ್ಟಿದ್ದ ಎರಡನೇ ಪ್ರತಿಯನ್ನು ನಾವೇ ಕೈಯಾರೆ ಅಳಿಸಿದ ಹಾಗಾಯ್ತು. ಆಮೇಲೆ ವಿಂಡೋಸ್ 98 ಹಾಕಿದರೆ ಸುಮಾರು 200 ಎಂಬಿ ಹೊಸ ಫೈಲ್‌ಗಳು ಹಳೇ ಡೇಟಾದ ಮೇಲೆಯೇ ಕೂರುತ್ತವೆ. ಮೊದಲು ಕಾಗದ ಹೋಗಿತ್ತು, ಈಗ ಹೊಲದ ಮೇಲೆ ಲೇಔಟ್ ಎದ್ದಿತು.

ಇನ್ನೊಂದು ಸೂಕ್ಷ್ಮ ನೋಡಿ. ಫ್ಯಾಟ್32ರಲ್ಲಿ ಬೂಟ್ ಸೆಕ್ಟರ್‌ಗೂ ಬ್ಯಾಕಪ್ ಇತ್ತು. ಆದರೆ ಅದನ್ನು ಇಟ್ಟದ್ದು ಬರೀ 6 ಸೆಕ್ಟರ್ ಆಚೆ, ಹಾಗಾಗಿ ಅದೂ ಹೋಯ್ತು. ಫ್ಯಾಟ್‌ನ ನಕಲು ಉಳಿದದ್ದು ಟೇಬಲ್ ದಪ್ಪಗಿತ್ತು ಅನ್ನೋ ಅದೃಷ್ಟದಿಂದ, ಯಾರದೋ ಮುಂದಾಲೋಚನೆಯಿಂದಲ್ಲ. ಆದರೆ ಮುಂದಾಲೋಚನೆ ಮಾಡಿದವರು ಅದಕ್ಕೂ ಮೊದಲೇ ಇದ್ದರು. 1980ರ ದಶಕದ ಬರ್ಕ್ಲಿ ಯೂನಿಕ್ಸ್ ಫೈಲ್ ಸಿಸ್ಟಂನಲ್ಲಿ ಸೂಪರ್‌ಬ್ಲಾಕ್‌ನ ನಕಲುಗಳನ್ನು ಡಿಸ್ಕಿನ ಉದ್ದಕ್ಕೂ ಹರಡಿದ್ದರು, ಎಲ್ಲವೂ ಒಂದೇ ತಟ್ಟೆಯ ಮೇಲೆ ಬೀಳದ ಹಾಗೆ ಪ್ರತಿಯೊಂದನ್ನೂ ಬೇರೆ ಬೇರೆ ಸ್ಥಾನದಲ್ಲಿಟ್ಟು. ಇವತ್ತಿನ ಜಿಪಿಟಿ ಪಾರ್ಟಿಷನ್ ಟೇಬಲಿನ ನಕಲು ಡಿಸ್ಕಿನ ಕಟ್ಟಕಡೆಯಲ್ಲಿರುತ್ತೆ. ಬ್ಯಾಕಪ್ ಇದ್ದರೆ ಸಾಲದು, ದೂರ ಇರಬೇಕು.

ಈಗ 2024ರ ಜುಲೈ 19ಕ್ಕೆ ಬನ್ನಿ. ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತೆ. ಆಗಲೂ ಡೇಟಾಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ, ಹೆಸರು 'ಸಿ-00000291' ಅಂತ ಶುರುವಾಗುವ ಫೈಲ್ ಅಳಿಸಿದರೆ ಸಾಕಿತ್ತು. ತೊಡಕಾದದ್ದು ಬಿಟ್‌ಲಾಕರ್. ಡಿಸ್ಕ್ ಎನ್‌ಕ್ರಿಪ್ಟ್ ಆಗಿರೋದರಿಂದ 48 ಅಂಕಿಯ ರಿಕವರಿ ಕೀ ಇಲ್ಲದೆ ಒಳಗೆ ಹೋಗುವ ಹಾಗಿರಲಿಲ್ಲ. ಆ ಕೀಗಳನ್ನು ಇಟ್ಟ ಸರ್ವರ್ ಕೂಡ ಬಿದ್ದಿದ್ದರೆ? ಮತ್ತೆ ಅದೇ ಕಥೆ: ಮೂಲ, ನಕಲು ಒಂದೇ ಬೆಂಕಿಯಲ್ಲಿ.

1999ಕ್ಕಿಂತ ಇವತ್ತು ನಮ್ಮ ಅದೃಷ್ಟ ಕಮ್ಮಿ. ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಕೀ ಇಲ್ಲದೆ ಬೈಟ್ ಹುಡುಕಿ ಪ್ರಯೋಜನ ಇಲ್ಲ. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿಸಿದರೆ ಟ್ರಿಮ್ ಕಮಾಂಡ್ ಹೋಗಿ, ಹೊಲವೇ ಮಾಯವಾಗಬಹುದು. ಹಾಗಾಗಿ ಸಿಸ್ಟಂ ಬಿದ್ದಾಗ ಮೊದಲ ಕೆಲಸ, ಆ ಡಿಸ್ಕಿಗೆ ಏನನ್ನೂ ಬರೆಯದೇ ಇರೋದು. ಬೇರೆ ಪೆನ್ ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಇಡೀ ಡಿಸ್ಕಿನ ನಕಲು ಇನ್ನೊಂದು ಡಿಸ್ಕಿಗೆ ತೆಗೆಯಿರಿ. ರಿಪೇರಿ ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ.

ನಾವು ಪುಣೆ, ಚೆನ್ನೈ, ದೆಹಲಿ ಅಂತ ಊರು ಬಿಟ್ಟು ಬಂದವರು. ಮಗುವಿನ ಫೋಟೋ, ಅಪ್ಪನ ಆಸ್ಪತ್ರೆ ರಿಪೋರ್ಟ್, ಸೈಟಿನ ಕಾಗದ, ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ, ಅದರ ಬ್ಯಾಕಪ್ ಡಿಸ್ಕ್ ಅದೇ ಬ್ಯಾಗಿನಲ್ಲಿ. ಇದು ಫ್ಯಾಟ್16ರ ಕಥೆಯೇ. ಮುಂದಿನ ಸಲ ಊರಿಗೆ ಹೋಗುವಾಗ ಒಂದು ಹಾರ್ಡ್ ಡಿಸ್ಕಿಗೆ ಎಲ್ಲ ತುಂಬಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಎರಡನ್ನೂ ಅಮ್ಮನ ಬೀರುವಿನಲ್ಲಿಟ್ಟು ಬನ್ನಿ.